ಅತ್ತದ್ದಕ್ಕೆ ಕ್ಷಮೆ ಕೇಳದ ನಾಯ್ ಲಾಮ್ರಿಯಾ

ಸರೋವರದ ದಂಡೆಯ ನಮ್ಮ ಊರು ಲುಂಬಾನ್ ಸಿರಂಬಾದಲ್ಲಿ ಯಾರ ಮನೆಯಲ್ಲಾದರೂ ಜೀವ ಹೋದರೆ ಮೊದಲು ಬರುತ್ತಿದ್ದವಳು ನಾಯ್ ಲಾಮ್ರಿಯಾ, ಆಮೇಲೆ ನಾನು. ನಾನು ಕ್ರೈಸ್ತ ಸಭೆಯ ಗುರು. ಪಾದ್ರಿಗಳು ವರ್ಷಕ್ಕೆ ಎರಡು ಸಲ ದೋಣಿಯಲ್ಲಿ ಬಂದು ಹೋಗುವವರು. ಉಳಿದ ದಿನಗಳಲ್ಲಿ ಆರಾಧನೆ ನಡೆಸುವುದು, ಗಂಟೆ ಬಾರಿಸುವುದು, ಹುಟ್ಟಿದವರನ್ನೂ ಸತ್ತವರನ್ನೂ ದೊಡ್ಡ ಪುಸ್ತಕದಲ್ಲಿ ಬರೆದಿಡುವುದು ಎಲ್ಲ ನನ್ನ ಪಾಲಿನ ಕೆಲಸ. ನನ್ನದು ಮುತ್ತಿನಂಥ ಅಕ್ಷರ ಎಂದು ಪಾದ್ರಿಗಳೇ ಹೊಗಳಿದ್ದರು. ಅದರ ಜಂಬವೂ ನನಗಿತ್ತು, ಸುಳ್ಳೇಕೆ ಹೇಳಲಿ.

ನಾಯ್ ಲಾಮ್ರಿಯಾ ಎಂದರೆ ಲಾಮ್ರಿಯಾಳ ತಾಯಿ. ಮೊದಲ ಮಗು ಹುಟ್ಟಿತೆಂದರೆ ನಮ್ಮಲ್ಲಿ ಹೆಂಗಸಿನ ಸ್ವಂತ ಹೆಸರು ಮೂಲೆಗೆ ಸೇರುತ್ತದೆ. ಅಲ್ಲಿಂದ ಸಾಯುವ ತನಕ ಅವಳು ಆ ಮಗುವಿನ ತಾಯಿ, ಅಷ್ಟೇ. ಲಾಮ್ರಿಯಾ ಮದುವೆಯಾಗಿ ಮೆದಾನ್ ಪಟ್ಟಣದ ಕಡೆ ಹೋಗಿದ್ದಳು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಸರೋವರದ ದಂಡೆಯಲ್ಲಿ ನಾಲ್ಕು ಮಡಿ ಈರುಳ್ಳಿ, ಎರಡು ಹಂದಿ, ಜಗಲಿಯಲ್ಲಿ ಒಂದು ಮಗ್ಗ, ಬಾಯ್ತುಂಬ ಎಲೆಯಡಿಕೆ, ಇವಿಷ್ಟು ಅವಳ ಸಂಸಾರ. ಕುಳ್ಳಗಿನ ಗಟ್ಟಿ ಹೆಂಗಸು. ಅಕ್ಷರ ಬರುತ್ತಿರಲಿಲ್ಲ, ಆದರೆ ಹಾಡಿನ ಪುಸ್ತಕದ ಹಾಡುಗಳೆಲ್ಲ ಬಾಯಿಪಾಠ. ಸಂತೆಯಲ್ಲಿ ಅವಳೊಡನೆ ಚೌಕಾಶಿಗೆ ನಿಂತು ಗೆದ್ದವರನ್ನು ನಾನು ಕಂಡಿಲ್ಲ.

ಅವಳು ಅಳುವವಳು. ಹಾಗೆಂದರೆ ಬರೀ ಕಣ್ಣೊರೆಸಿಕೊಳ್ಳುವವಳಲ್ಲ. ಸತ್ತವರ ತಲೆಯ ಬಳಿ ಕೂತು, ತಾನೇ ನೇಯ್ದ ಶಾಲನ್ನು ತಲೆಯ ಮೇಲೆ ಎಳೆದುಕೊಂಡು, ಅವರ ಕೆನ್ನೆ ಸವರುತ್ತ ಸಣ್ಣ ದನಿಯಲ್ಲಿ ಶುರು ಮಾಡುತ್ತಿದ್ದಳು. ಅಳುವಾಗಿನ ಮಾತೇ ಬೇರೆ ನಮ್ಮಲ್ಲಿ. ಕಣ್ಣಿಗೆ ಕಣ್ಣು ಎನ್ನುವುದಿಲ್ಲ, ‘ನೋಡುವುದು’ ಎನ್ನಬೇಕು. ಕೈಗೆ ‘ಬೇಡುವುದು’, ಕಾಲಿಗೆ ‘ತುಳಿಯುವುದು’. ಆ ಮಾತಿನಲ್ಲಿ ಅವಳು ಸತ್ತವರ ಬದುಕನ್ನೆಲ್ಲ ಹುಟ್ಟಿದಲ್ಲಿಂದ ಹೇಳಿಕೊಂಡು ಬರುತ್ತಿದ್ದಳು, ಅವರ ಮೊಂಡುತನ, ಅವರ ಹಾಡು, ಯಾರ ಜೊತೆ ಮಾತು ಬಿಟ್ಟಿದ್ದರು ಎಂಬುದನ್ನೂ ಬಿಡದೆ. ಕಲ್ಲಿನ ಹಾಗೆ ಕೂತ ಗಂಡಸರೂ ಅವಳ ಮುಂದೆ ಕರಗಿ ಹೋಗುತ್ತಿದ್ದರು. ಸತ್ತವರ ಜೊತೆ ಮಾತಾಡುವುದು ಹಳೇ ಕಾಲದ ರೂಢಿ, ಕ್ರೈಸ್ತರಿಗೆ ತಕ್ಕದ್ದಲ್ಲ ಎಂದು ಸಭೆಯ ಹಿರಿಯರಿಗೆ ಗುಮಾನಿ ಇದ್ದೇ ಇತ್ತು. ಆದರೂ ಎಲ್ಲರೂ ಕಂಡೂ ಕಾಣದಂತೆ ಇದ್ದೆವು. ನಾಳೆ ನಮ್ಮ ಮನೆಗೂ ಅವಳು ಬರಬೇಕಲ್ಲ.

ಒಮ್ಮೆ ನಾನೇ ಕೆಣಕಿದ್ದೆ. “ಹೆಣದ ಜೊತೆ ಮಾತಾಡ್ತೀಯಲ್ಲ, ತಪ್ಪು ಅನ್ಸಲ್ವಾ ನಿಂಗೆ?”

ಅವಳು ಎಲೆಗೆ ಸುಣ್ಣ ಹಚ್ಚುತ್ತ ಕೇಳಿದಳು. “ಯೇಸುಸ್ವಾಮಿ ತನ್ನ ಗೆಳೆಯನ್ನ ಮಣ್ಣು ಮಾಡಿದ ಗುಹೆ ಮುಂದೆ ನಿಂತು ಏನ್ ಮಾಡಿದ್ರು, ಗುರೂ?”

“ಅತ್ರು.”

“ಆಮೇಲೆ?”

“ಹೆಸರು ಹಿಡಿದು ಕರೆದ್ರು.”

“ನಾನೂ ಅಷ್ಟೇ ಮಾಡೋದು.”

“ಅವನು ಎದ್ದು ಬಂದ ಕಣಮ್ಮ!”

“ಅವರು ಕರೆದ್ರೆ ಬರ್ತಾರೆ, ನಾನು ಕರೆದ್ರೆ ಬರಲ್ಲ. ಅದು ನನ್ನ ಗಂಟಲಿನ ತಪ್ಪು. ಕಣ್ಣಿಂದೇನು ತಪ್ಪು?” ಎಂದು ಎಲೆ ಬಾಯಿಗಿಟ್ಟುಕೊಂಡಳು. ನಾನು ಏನೋ ಕೆಲಸ ನೆನಪಾದವನಂತೆ ಎದ್ದು ಬಂದೆ.

ಇನ್ನು ಆ ದಿನದ ಮಾತು. ಇದನ್ನು ಹೇಳದೆ ಅವಳ ಕಥೆ ಹೇಳಿದರೆ ನಾಲಿಗೆ ಬಿದ್ದುಹೋದೀತು.

ಮನಾಹಾನ್ ಎಂಬ ಮೀನುಗಾರನ ಹೆಂಡತಿ ತಿಯೋಲಿನಾಗೆ ಚೊಚ್ಚಲ ಗಂಡುಮಗು ಹುಟ್ಟಿ ಒಂದು ದಿನವಾಗಿತ್ತು. ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ನಾನು ಹೆಂಡದಂಗಡಿಯ ಬೆಂಚಿನ ಮೇಲೆ ಹಿರಿಯ ಕಾಲೆಬ್ ಜೊತೆ ಚದುರಂಗ ಆಡುತ್ತಿದ್ದೆ. ಕಾಲೆಬ್ ನಮ್ಮ ಸಭೆಯ ಹಿರಿಯರಲ್ಲೇ ಹಿರಿಯ, ಹನ್ನೊಂದು ತಿಂಗಳಿಂದ ನನ್ನನ್ನು ಸೋಲಿಸುತ್ತಲೇ ಬಂದಿದ್ದ. ಅವತ್ತು ಅವನ ಮಂತ್ರಿ ನನ್ನ ಕೈಗೆ ಸಿಕ್ಕಿಬಿಟ್ಟಿತ್ತು. ಅಷ್ಟರಲ್ಲಿ ಮನಾಹಾನ್ ಏದುಸಿರು ಬಿಡುತ್ತ ಓಡಿ ಬಂದ.

“ಗುರುಗಳೇ, ಮಗು ನೀಲಿ ಆಗ್ತಿದೆ. ಬೇಗ ಬನ್ನಿ, ನೀರು ಹಾಕಿ ಹೆಸರಿಡಿ.”

ಸಾಯುವ ಹಾಗಿರುವ ಕೂಸಿಗೆ ಪಾದ್ರಿಗಾಗಿ ಕಾಯಬೇಕಿಲ್ಲ. ಸಭೆಯ ಗುರುವೋ ಹಿರಿಯನೋ ಹೋಗಿ ದೀಕ್ಷಾಸ್ನಾನ ಕೊಡಬಹುದು, ಕೊಡಲೇಬೇಕು. ನಾವಿಬ್ಬರೂ ಅಲ್ಲೇ ಇದ್ದೆವು.

“ಹುಟ್ಟಿದ ಮಕ್ಕಳೆಲ್ಲ ಮೊದಲ ದಿನ ನೀಲಿನೇ ಕಣಯ್ಯ,” ಎಂದ ಕಾಲೆಬ್, ಕಣ್ಣು ಮಣೆಯಿಂದ ಎತ್ತದೆ.

“ನೀನು ನಡಿ, ನಾನು ಹಿಂದೇನೇ ಬಂದೆ,” ಎಂದೆ ನಾನು.

ಅವನು ಓಡಿದ. ನಾನು ಹೋಗಲಿಲ್ಲ. ಇನ್ನು ಮೂರೇ ನಡೆ ಎಂದು ಲೆಕ್ಕ ಹಾಕಿದ್ದೆ, ಕಾಲೆಬ್ ಒಂದೊಂದು ನಡೆಗೂ ಗಡ್ಡ ಕೆರೆದುಕೊಳ್ಳುತ್ತ ಕೂತ. ಮೂರು ನಡೆ ಆರು ನಡೆಯಾಯಿತು. ಮನಾಹಾನ್ ಹೊರಟ ಗಳಿಗೆಯಲ್ಲೇ, ಈರುಳ್ಳಿ ಬುಟ್ಟಿ ಹೊತ್ತು ದಾರಿಯಲ್ಲಿ ಹೋಗುತ್ತಿದ್ದ ನಾಯ್ ಲಾಮ್ರಿಯಾ ನಿಂತು ನನ್ನನ್ನು ನೋಡಿದಳು, ಓಡುತ್ತಿದ್ದ ಮನಾಹಾನ್‌ನನ್ನು ನೋಡಿದಳು. ಬುಟ್ಟಿಯನ್ನು ಅಲ್ಲೇ ಬೇಲಿಯ ಪಕ್ಕ ಇಳಿಸಿ ಅವನ ಹಿಂದೆ ಓಡಿದಳು. ಅವಳಿಗೆ ಮಂಡಿನೋವಿತ್ತು. ಆ ಓಟ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮುಂದಿನದನ್ನು ನಾನು ನೋಡಲಿಲ್ಲ, ಮನಾಹಾನ್ ಹೇಳಿದ್ದು. ಅವಳು ಹೋದಾಗ ಮಗುವಿಗೆ ಇನ್ನೂ ಉಸಿರಿತ್ತು. ತಟ್ಟೆಯಲ್ಲಿ ನೀರು ತುಂಬಿಟ್ಟು ಎಲ್ಲರೂ ಬಾಗಿಲು ನೋಡುತ್ತಿದ್ದರು. ತಿಯೋಲಿನಾ ಮಗುವನ್ನು ಅವಳ ತೊಡೆಗೆ ಹಾಕಿ, “ನೀನೇ ನೀರು ಹಾಕಮ್ಮ,” ಎಂದು ಬೇಡಿಕೊಂಡಳು.

“ನೀರು ಗುರುವಿನ ಕೈಗೆ ಬಿಟ್ಟದ್ದು ಮಗಳೇ. ನಾನು ಮುಟ್ಟಲ್ಲ. ಬರ್ತಾನೆ, ಬರ್ತಾನೆ,” ಎಂದಳಂತೆ ಇವಳು.

ನಾನು ಬರಲಿಲ್ಲ. ಮಗುವಿನ ಉಸಿರು ಬಿಟ್ಟು ಬಿಟ್ಟು ಬರತೊಡಗಿತು. ಆಗ ಅವಳು ಶಾಲನ್ನು ತಲೆಗೆ ಎಳೆದುಕೊಂಡಳು. ನಮ್ಮಲ್ಲಿ ಹಲ್ಲು ಹುಟ್ಟುವ ಮೊದಲು ಹೋಗುವ ಮಗುವಿಗೆ ಅಳುವವರನ್ನು ಕರೆಯುವುದಿಲ್ಲ, ಶಾಲು ಹೊದಿಸುವುದಿಲ್ಲ. ಹೇಳಿಕೊಂಡು ಅಳಲು ಅದಕ್ಕೆ ಬದುಕೇ ಇಲ್ಲವಲ್ಲ. ಅವಳು ಆ ಇಲ್ಲದ ಬದುಕನ್ನೇ ಹೇಳಿ ಅತ್ತಳು. “ನಿನ್ನ ತುಳಿಯುವುದು ಈ ಚಾಪೆಯನ್ನೂ ತುಳಿಯಲಿಲ್ಲವಲ್ಲೋ, ಅಪ್ಪನ ದೋಣಿ ಹತ್ತಿ ಬೈಸಿಕೊಳ್ಳಲಿಲ್ಲವಲ್ಲೋ. ನಿನ್ನ ಬೇಡುವುದು ಯಾರನ್ನೂ ಏನನ್ನೂ ಬೇಡಲಿಲ್ಲವಲ್ಲೋ, ಒಂದು ತುಂಡು ಗೆಣಸನ್ನೂ.” ಅವಳ ಕಣ್ಣೀರು ಮಗುವಿನ ಹಣೆಯ ಮೇಲೆ ತೊಟ್ಟಿಕ್ಕಿತು. ಒಂದು, ಎರಡು, ಮೂರು ಹನಿ ಎಂದು ಆಮೇಲೆ ಹೆಂಗಸರು ಹೇಳಿಕೊಂಡರು. ಎಣಿಸಿದವರು ಯಾರೋ ಕಾಣೆ. ಅವಳು ಅದನ್ನು ಒರೆಸಲಿಲ್ಲ. ಹಣೆಯ ಮೇಲೆ ಬೆರಳಿಟ್ಟು, “ಸಾಹತ್, ನೀನು ಬಂದು ಮುಟ್ಟಿದೆ ಕಣೋ ಸಾಹತ್. ತಂದೆಯೇ, ಇವನನ್ನ ಎತ್ಕೋ,” ಎಂದು ಕರೆದಳು. ನಮ್ಮ ಮಾತಿನಲ್ಲಿ ಸಾಹತ್ ಎಂದರೆ ಬಂದು ಮುಟ್ಟುವುದು, ಆ ಹೆಸರು ಅವಳೇ ಇಟ್ಟದ್ದು. ಸ್ವಲ್ಪ ಹೊತ್ತಿಗೆ ಮಗು ಹೋಯಿತು.

ನಾನು ಬಟ್ಟಲು ಹಿಡಿದು ಹೊಸ್ತಿಲು ದಾಟಿ, ಅದನ್ನು ಹುಡುಕುವುದರಲ್ಲೇ ತಡವಾಯಿತು ಎಂದೆ. ನಾಯ್ ಲಾಮ್ರಿಯಾ ಮಗುವನ್ನು ತಿಯೋಲಿನಾಳ ಕೈಗೆ ಕೊಟ್ಟು ಹೊರಗೆ ಬಂದಳು. ನನ್ನ ಪಕ್ಕ ನಿಂತು, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ, ಒಂದೇ ಮಾತು ಕೇಳಿದಳು.

“ಆಟ ಯಾರು ಗೆದ್ರು, ಗುರೂ?”

ದೀಕ್ಷಾಸ್ನಾನವಿಲ್ಲದ ಮಗುವಿಗೆ ಗಂಟೆ ಬಾರಿಸುವುದಿಲ್ಲ. ನಾನು ಬಾರಿಸಲಿಲ್ಲ. ಪುಸ್ತಕದಲ್ಲಿ ಬರೆಯುವುದಿಲ್ಲ. ನಾನು ಬರೆಯಲಿಲ್ಲ. ಬಿದಿರುಮೆಳೆಯ ಪಕ್ಕ ಹೂತು ಬಂದೆವು.

ಒಂದೇ ವಾರದಲ್ಲಿ ಊರೆಲ್ಲ ಒಂದೇ ಮಾತು. ಆ ಮಗುವಿಗೆ ಕಣ್ಣೀರಿನಲ್ಲೇ ದೀಕ್ಷಾಸ್ನಾನವಾಯಿತು, ದೇವರೇ ಒಪ್ಪಿಕೊಂಡ ಎಂದು ನೀರಿಗೆ ಬಂದ ಹೆಂಗಸರೆಲ್ಲ ಆಡಿಕೊಂಡರು. ಕಾಲೆಬ್‌ಗೆ ಹೊಟ್ಟೆಯಲ್ಲಿ ಕೆಂಡ ಬಿದ್ದಂತಾಯಿತು. ನನಗೂ ಆಗಿರಬೇಕು. ಗುರು ಎಲ್ಲಿದ್ದ ಎಂದು ಯಾರಾದರೂ ಕೇಳುವ ಮೊದಲು, ನಾಯ್ ಲಾಮ್ರಿಯಾ ಯಾಕೆ ಹಾಗೆ ಮಾಡಿದಳು ಎಂದು ನಾವೇ ಕೇಳಿಬಿಟ್ಟೆವು. ಹಿರಿಯರ ಕೂಟ ಸೇರಿತು. ಅಧಿಕಾರವಿಲ್ಲದ ಹೆಂಗಸು ದೀಕ್ಷಾಸ್ನಾನ ಕೊಟ್ಟಳು ಎಂಬುದು ಆರೋಪ.

“ನಾನು ಕೊಟ್ಟೆ ಅಂತ ನಾನು ಎಲ್ಲೂ ಹೇಳಿಲ್ಲ,” ಎಂದಳು ಅವಳು, ಕೂರಲು ಕೊಟ್ಟ ಕುರ್ಚಿಯಲ್ಲಿ ಕೂರದೆ. “ನೀರು ಮುಟ್ಟಲಿಲ್ಲ. ಅತ್ತೆ. ಹೆಸರು ಕರೆದೆ. ಅದನ್ನ ಮೇಲಿರೋನು ಏನಂತ ತಗೊಂಡ್ನೋ, ಅವನ್ನೇ ಕೇಳಿ.”

“ಹಣೆ ಮೇಲೆ ಕಣ್ಣೀರು ಬಿದ್ದದ್ದು ನಿಜವೋ?” ಎಂದ ಕಾಲೆಬ್.

“ಇನ್ನೆಲ್ಲಿ ಬೀಳಬೇಕಿತ್ತು? ತೊಡೆ ಮೇಲೆ ಮಗು ಇತ್ತು. ಹಿರಿಯರ ಅಪ್ಪಣೆ ತಗೊಂಡು ಅಳೋಕೆ ಅದೇನು ಸರ್ಕಾರಿ ನಲ್ಲಿನಾ?”

ಯಾರೋ ಕಿಸಕ್ಕನೆ ನಕ್ಕರು. ಕಾಲೆಬ್ ಮೇಜು ಗುದ್ದಿದ. “ತಪ್ಪಾಯ್ತು ಅಂತ ಸಭೆ ಮುಂದೆ ಹೇಳೋ ತನಕ ನಿನಗೆ ಪ್ರಭುವಿನ ಭೋಜನ ಇಲ್ಲ.”

ಆಗ ಮಾತ್ರ ಅವಳ ಮುಖ ಸಣ್ಣದಾಯಿತು. ವರ್ಷಕ್ಕೆ ಎರಡು ಸಲ ಸಿಗುವ ಆ ರೊಟ್ಟಿಯ ಚೂರಿಗಾಗಿ ಅವಳು ಹಿಂದಿನ ದಿನ ಉಪವಾಸ ಇರುತ್ತಿದ್ದವಳು. ತಡೆದು ತಡೆದು ಹೇಳಿದಳು. “ಆ ಮಗುವಿನ ಹೆಸರು ಪುಸ್ತಕದಲ್ಲಿ ಬರೀರಿ. ಅದರ ತಾಯಿಯನ್ನ ನಾಯ್ ಸಾಹತ್ ಅಂತ ಕರೀರಿ. ಆಮೇಲೆ ನನ್ನ ಮಾತು. ಅಲ್ಲೀ ತನಕ ಅತ್ತದ್ದಕ್ಕೆ ನಾನು ಕ್ಷಮೆ ಕೇಳಲ್ಲ.” ನನ್ನ ಕಡೆ ಒಂದು ಸಲ ನೋಡಿದಳು. ಚದುರಂಗದ ಸುದ್ದಿ ಈಗ ಬಂತು ಎಂದುಕೊಂಡೆ. ಅವಳು ಅದನ್ನು ಎತ್ತಲೇ ಇಲ್ಲ.

ಭಾನುವಾರ ಪ್ರಕಟಣೆ ಓದುವವನು ನಾನೇ. ಯಾವ ಮನೆಯಲ್ಲಿ ಮದುವೆ, ಯಾರು ಬೆಳೆಯ ಕಾಣಿಕೆ ಕೊಟ್ಟರು ಎಂಬುದರ ನಡುವೆ ಅವಳಿಗೆ ಭೋಜನವಿಲ್ಲ ಎಂಬುದನ್ನೂ ಓದಿದೆ, ಬೇಗ ಬೇಗ. ಅವಳು ಮುಂದಿನ ಬೆಂಚಿನಿಂದ ಎದ್ದು ನಿಂತಳು.

“ಕೇಳಿಸ್ಲಿಲ್ಲ ಗುರೂ. ಇನ್ನೊಂದ್ಸಲ ಓದು.”

ಓದಿದೆ. “ಹಿಂದಿನವರಿಗೂ ಕೇಳಿಸ್ಬೇಕಲ್ಲ,” ಎಂದಳು. ಮೂರನೇ ಸಲವೂ ಓದಿದೆ. ಅವಳು ಶಾಲು ಸರಿಮಾಡಿಕೊಂಡು ಕೂತಳು.

ಅಲ್ಲಿಂದ ನಾಲ್ಕು ವರ್ಷ. ಒಂದು ಭಾನುವಾರವೂ ತಪ್ಪಿಸಲಿಲ್ಲ ಅವಳು. ಪಾದ್ರಿಗಳು ಬಂದು ಭೋಜನ ಕೊಡುವ ದಿನವಂತೂ ಎಲ್ಲರಿಗಿಂತ ಮೊದಲು ಬಂದು ಅದೇ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಊರೆಲ್ಲ ಎದ್ದು ಮುಂದೆ ಹೋಗುವಾಗ ಅವಳೊಬ್ಬಳೇ ಕೂತು ಅಳುತ್ತಿದ್ದಳು. ದನಿ ಇಲ್ಲ, ಮಾತಿಲ್ಲ, ನೀರು ಮಾತ್ರ. ಹಟಮಾರಿ ಮುದುಕಿಗೆ ಕೊನೆಗೂ ನೋವಾಗುತ್ತಿದೆ ಎಂದು ನಾನು ಅಂದುಕೊಂಡೆ. ಭೋಜನದ ಹಿಂದಿನ ಸಂಜೆ ಮಾತ್ರ ತಪ್ಪದೆ ನನ್ನ ಅಂಗಳಕ್ಕೆ ಬರುವಳು. ಒಂದು ಕಟ್ಟು ಈರುಳ್ಳಿ ಜಗಲಿಯ ಮೇಲಿಟ್ಟು ಕೇಳುವಳು. “ಆಟ ಯಾರು ಗೆದ್ರು, ಗುರೂ?” ನಾನು ಈರುಳ್ಳಿಗೆ ಥ್ಯಾಂಕ್ಸ್ ಹೇಳಿ ಒಳಗೆ ಹೋಗುವೆ. ಹೆಂಡತಿ, “ಯಾವ ಆಟ?” ಎನ್ನುವಳು. “ಅವಳಿಗೆ ತಲೆ ನೆಟ್ಟಗಿಲ್ಲ,” ಎನ್ನುವೆ. ಇಂಥವನು ನಾನು.

ದಾರಿಯಲ್ಲಿ ತಿಯೋಲಿನಾ ಕಂಡರೆ ಮಾತ್ರ ಅವಳು ಎದೆ ಸೆಟೆಸಿ, ನಾಲ್ಕು ಮನೆಗೆ ಕೇಳುವಂತೆ ಕರೆಯುತ್ತಿದ್ದಳು. “ನಾಯ್ ಸಾಹತ್! ಸಂತೆಗಾ, ನಾಯ್ ಸಾಹತ್?” ಆ ಹುಡುಗಿ ಹಿರಿಯರಿಗೆ ಹೆದರಿ ತಲೆ ತಗ್ಗಿಸಿ ನಡೆದುಬಿಡುತ್ತಿದ್ದಳು. ಮಗು ಹೋದ ದಿನದಿಂದ ಅವಳು ಅತ್ತದ್ದನ್ನು ಯಾರೂ ಕಂಡಿರಲಿಲ್ಲ. ಎಣಿಕೆಗೇ ಬಾರದ ಮಗುವಿಗೆ ಅಳುವುದು ಹೇಗೆ ಎಂದು ಅತ್ತೆ ಮನೆಯವರು ಮೊದಲ ದಿನವೇ ಬಾಯಿ ಮುಚ್ಚಿಸಿದ್ದರು. ಉತ್ತರ ಬರದಿದ್ದರೂ ನಾಯ್ ಲಾಮ್ರಿಯಾ ಕರೆಯುವುದನ್ನು ನಿಲ್ಲಿಸಲಿಲ್ಲ.

ಮೂರನೇ ವರ್ಷ ಕಾಲೆಬ್ ತಾನೇ ಅವಳ ಮನೆಗೆ ಹೋದ, ನನ್ನನ್ನೂ ಎಳೆದುಕೊಂಡು. ಮುಂದಿನ ಬೆಂಚಿನ ಆ ಅಳು ಅವನಿಗೆ ಮುಳ್ಳಾಗಿತ್ತು. ಅವಳು ಕಾಫಿ ಕೊಟ್ಟಳು, ಬೇಯಿಸಿದ ಗೆಣಸು ಕೊಟ್ಟಳು.

“ಒಂದೇ ಒಂದು ಮಾತಮ್ಮ,” ಎಂದ ಕಾಲೆಬ್. “ತಪ್ಪು ಮಾಡಿದ್ದೀನಿ ಅನ್ನು. ಏನು ತಪ್ಪು ಅಂತ ಹೇಳೋದೂ ಬೇಡ.”

“ಅದಕ್ಕೇನಂತೆ, ತಪ್ಪು ಬೇಕಾದಷ್ಟಿದೆ,” ಎಂದಳು.

ಮುಂದಿನ ಭಾನುವಾರ ಸಭೆಯ ಮುಂದೆ ಬಂದು ನಿಂತಳು. ಕಾಲೆಬ್ ನನ್ನ ಕಡೆ ನೋಡಿ ಗೆದ್ದವನಂತೆ ಕಣ್ಣು ಮಿಟುಕಿಸಿದ. “ಪಕ್ಕದ ಮನೆ ಹಂದಿ ನನ್ನ ಮಡಿಗೆ ನುಗ್ಗಿದಾಗ ಕಲ್ಲು ಹೊಡೆದು ಕಾಲು ಕುಂಟು ಮಾಡಿದ್ದು ನಾನೇ,” ಎಂದು ಶುರು ಮಾಡಿದಳು. “ಬಿದ್ದು ಕುಂಟಾಯ್ತು ಅಂತ ಸುಳ್ಳು ಹೇಳಿದೆ. ಗಂಡ ಬದುಕಿದ್ದಾಗ ಅವನ ಹಾಡನ್ನ ಕತ್ತೆ ಹಾಡು ಅಂದೆ. ಅದು ಚೆನ್ನಾಗೇ ಇತ್ತು. ಸೊಸೆ ಬಂದಿಲ್ಲ ಅಂತ ಹೋದ ವರ್ಷ ನಾದಿನಿ ಮನೆ ಮದುವೆಯಲ್ಲಿ ಮಾಂಸದ ಪಾಲು ಎರಡು ಸಲ ಇಸ್ಕೊಂಡೆ, ನನಗೆ ಸೊಸೆನೇ ಇಲ್ಲ.” ಬೆಂಚುಗಳೆಲ್ಲ ನಗುವಿನಿಂದ ಅಲುಗಾಡಿದವು. ಹೀಗೆ ಕಾಲು ಗಂಟೆ. ಕೊನೆಗೆ ನಗು ನಿಂತ ಮೇಲೆ ಅವಳ ದನಿ ಬದಲಾಯಿತು. “ಇದೆಲ್ಲ ಪಾಪ. ಕ್ಷಮೆ ಕೇಳ್ತೀನಿ. ತಿಯೋಲಿನಾಳ ಮಗುವಿಗೆ ಅತ್ತದ್ದು ಪಾಪ ಅಲ್ಲ. ಊಟದ ಮನೆಗೆ ಬಂದ ಆ ಹೆಂಗಸು ಯೇಸುಸ್ವಾಮಿ ಪಾದಾನ ಕಣ್ಣೀರಲ್ಲಿ ತೊಳೆದಾಗ, ಹೋಗಿ ಬಾವಿ ನೀರು ತಗೊಂಡು ಬಾ ಅಂದ್ರಾ ಅವರು? ಅವರಿಗೆ ಸಾಕಾದ ನೀರು ನಿಮಗೆ ಯಾಕೆ ಸಾಲದು?”

ಕಾಲೆಬ್ ಹಾಡು ಶುರು ಮಾಡಿಸಿಬಿಟ್ಟ. ಅವಳು ಬಂದು ಬೆಂಚಿನಲ್ಲಿ ಕೂತು ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದಳು.

ನಾಲ್ಕನೇ ವರ್ಷ ತಿಯೋಲಿನಾಗೆ ಹೆಣ್ಣುಮಗು ಹುಟ್ಟಿತು. ರೊನಾ ಎಂದು ಹೆಸರು ಗೊತ್ತಾಯಿತು. ಪಾದ್ರಿಗಳು ಪುನರುತ್ಥಾನದ ಹಬ್ಬಕ್ಕೆ ಬರುವವರಿದ್ದರು. ಅವತ್ತು ದೀಕ್ಷಾಸ್ನಾನವೂ ಭೋಜನವೂ ಒಂದೇ ಆರಾಧನೆಯಲ್ಲಿ. ಹಿಂದಿನ ಸಂಜೆ ಎಂದಿನಂತೆ ನಾಯ್ ಲಾಮ್ರಿಯಾ ಈರುಳ್ಳಿ ತಂದಳು. ಎಂದಿನ ಪ್ರಶ್ನೆ ಕೇಳಲಿಲ್ಲ.

“ನಾಳೆ ಆ ಮಗೂನ ಎಷ್ಟನೇದು ಅಂತ ಓದ್ತೀಯ?” ಎಂದಳು.

ನಾನು ಈರುಳ್ಳಿ ಎತ್ತಿಕೊಂಡೆ. ದೀಕ್ಷಾಸ್ನಾನಕ್ಕೆ ಮೊದಲು ಇಂಥವರ ಇಷ್ಟನೆಯ ಮಗು ಎಂದು ಪುಸ್ತಕ ನೋಡಿ ಓದುವುದು ನಮ್ಮ ಕ್ರಮ. ಮೊದಲನೆಯದು ಎಂದು ಓದಿದರೆ ಮುಗಿಯಿತು. ಆ ಕ್ಷಣದಿಂದ ತಿಯೋಲಿನಾ ನಾಯ್ ರೊನಾ, ಸಾಯುವ ತನಕ. ಬಿದಿರುಮೆಳೆಯ ಪಕ್ಕದ ಮಗುವಿಗೆ ಮತ್ತೆಂದೂ ತಾಯಿ ಇರುವುದಿಲ್ಲ.

“ಹೆಸರು ಹೋಗ್ಬಿಟ್ರೆ ತರೋಕಾಗಲ್ಲ ಗುರೂ,” ಎಂದಳು. ನಡೆಯುತ್ತ ಹಿಂದಿರುಗಿ ನೋಡಲಿಲ್ಲ.

ಬೆಳಿಗ್ಗೆ ಪುಸ್ತಕದಲ್ಲಿ ‘ಮೊದಲನೆಯದು’ ಎಂದು ಬರೆಯಲು ಕೂತೆ. ಕಾಲೆಬ್ ಬಂದು ಭುಜದ ಮೇಲಿಂದ ಬಗ್ಗಿ, “ಬರಿ, ಬರಿ, ಇವತ್ತಿಗೆ ಇದೊಂದು ಮುಗೀಲಿ,” ಎಂದ. ಬರೆಯಲಾಗಲಿಲ್ಲ. ಆ ಜಾಗ ಖಾಲಿ ಬಿಟ್ಟು ಪುಸ್ತಕ ಮುಚ್ಚಿದೆ. ಬಾಯಲ್ಲಿ ಹೇಳಿದರಾಯಿತು ಅಂದುಕೊಂಡೆ. ಹೇಡಿಗೆ ಹೀಗೆಲ್ಲ ಉಪಾಯ ಹೊಳೆಯುತ್ತದೆ.

ಪಾದ್ರಿಗಳು ದೋಣಿಯಲ್ಲಿ ನೆಂದ ಬೂಟಿನಲ್ಲೇ ನಿಂತಿದ್ದರು. ಮನಾಹಾನ್, ತಿಯೋಲಿನಾ ಮಗುವನ್ನೆತ್ತಿಕೊಂಡು ಮುಂದೆ ಬಂದರು. ನಾನು ಪುಸ್ತಕ ತೆರೆದು ಓದಿದೆ. “ಮನಾಹಾನ್ ಮತ್ತು ತಿಯೋಲಿನಾ ದಂಪತಿಯ ಮೊದಲನೆಯ...”

“ಎರಡನೇದು.”

ಮುಂದಿನ ಬೆಂಚಿನಿಂದ. ಅವಳು ಎದ್ದೂ ನಿಲ್ಲಲಿಲ್ಲ, ದನಿ ಏರಿಸಲೂ ಇಲ್ಲ. ಕಾಲೆಬ್ ಕೂತಲ್ಲಿಂದಲೇ, “ದೀಕ್ಷಾಸ್ನಾನ ಆಗದ್ದು ಲೆಕ್ಕಕ್ಕಿಲ್ಲ ಪಾದ್ರಿಗಳೇ, ನೀವು ನಡೆಸಿ,” ಎಂದ.

ಪಾದ್ರಿಗಳು ಅವನನ್ನೂ ಅವಳನ್ನೂ ನೋಡಿ ನನ್ನ ಕಡೆ ತಿರುಗಿದರು. “ಪುಸ್ತಕ ನಿಮ್ಮ ಕೈಯಲ್ಲಿದೆ ಗುರುಗಳೇ. ಮೊದಲನೇದೋ, ಎರಡನೇದೋ?”

ನಾನು ತಿಯೋಲಿನಾಳನ್ನು ನೋಡಿದೆ. ಅವಳು ನನ್ನನ್ನಲ್ಲ, ಪುಸ್ತಕದ ಆ ಖಾಲಿ ಜಾಗವನ್ನೇ ನೋಡುತ್ತಿದ್ದಳು. ಅವಳಿಗೆ ಓದು ಬರುತ್ತಿತ್ತು. ನಾಲ್ಕು ವರ್ಷದಿಂದ ಎದೆಯಲ್ಲಿ ಕೂತಿದ್ದುದು ಆಗ ತಾನಾಗಿ ಬಾಯಿಗೆ ಬಂತು.

“ಎರಡನೇದು,” ಎಂದೆ. “ಮೊದಲನೇದು ಗಂಡು. ಸಾಹತ್. ಅವನಿಗೆ ನೀರು ಸಿಗ್ಲಿಲ್ಲ, ಯಾಕಂದ್ರೆ ಅವರಪ್ಪ ಬಂದು ಕರೆದಾಗ ನಾನು ಹೋಗ್ಲಿಲ್ಲ. ಚದುರಂಗ ಆಡ್ತಿದ್ದೆ. ಆಟ ಮುಗಿಸಿಕೊಂಡು ಹೋದೆ.” ನಾನು ನಾಯ್ ಲಾಮ್ರಿಯಾಳ ಕಡೆ ತಿರುಗಿದೆ. “ನಾಲ್ಕು ವರ್ಷದಿಂದ ಕೇಳ್ತಿದ್ದೆಯಲ್ಲಮ್ಮ. ಆಟ ನಾನೇ ಗೆದ್ದೆ.”

ಮನಾಹಾನ್ ನನ್ನನ್ನು ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಹೆಂಡತಿಯ ಕೈಯಿಂದ ಮಗುವನ್ನು ತೆಗೆದುಕೊಂಡು ಎದೆಗೊತ್ತಿಕೊಂಡ, ಅಷ್ಟೇ.

ಪಾದ್ರಿಗಳು ನಾಯ್ ಲಾಮ್ರಿಯಾಳನ್ನು ಕೇಳಿದರು. “ಆವತ್ತು ನೀವೇನು ಮಾಡಿದ್ರಮ್ಮ?”

“ಅತ್ತೆ.”

“ಅಷ್ಟೇನಾ?”

“ಹೆಸರು ಕರೆದೆ. ತಂದೆಗೆ ಎತ್ಕೋ ಅಂದೆ.”

“ಮಗುವಿಗೆ ಉಸಿರಿತ್ತಾ?”

“ಇತ್ತು.”

ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. “ಅದನ್ನ ಏನಂತ ಕರೀಬೇಕೋ ನನಗೆ ಗೊತ್ತಿಲ್ಲ. ತೀರ್ಪು ಮಾಡೋ ಧೈರ್ಯವೂ ನನಗಿಲ್ಲ. ಹೆಸರು ಬರೀರಿ ಗುರುಗಳೇ. ನಾಯ್ ಲಾಮ್ರಿಯಾಗೆ ಭೋಜನ ನಿಲ್ಸಿದ್ದು ಇವತ್ತಿಗೆ ಮುಗೀತು.”

“ನನ್ನದು ಇವತ್ತಿಂದ ಶುರುವಾಗ್ಲಿ,” ಎಂದೆ.

ಅವತ್ತು ಭೋಜನಕ್ಕೆ ಊರೆಲ್ಲ ಎದ್ದು ಹೋಯಿತು. ನಾಯ್ ಲಾಮ್ರಿಯಾ ಮಂಡಿ ಹಿಡಿದುಕೊಂಡು ಎದ್ದಳು, ನಾನು ಅವಳ ಬೆಂಚಿನಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಬೆಂಚು 'ಕಿರ್' ಎಂದಿತು. ಕಾಲೆಬ್ ಬಂದು ಪಕ್ಕದಲ್ಲಿ ಕೂತಿದ್ದ. ಅವನ ಗಡ್ಡದ ಕೂದಲು ಒದ್ದೆಯಾಗಿತ್ತು. ನನ್ನ ಕಣ್ಣು ಮಾತ್ರ ಒಣಗಿಕೊಂಡೇ ಇತ್ತು.

ಆರಾಧನೆ ಮುಗಿದ ಮೇಲೆ ಅವಳ ಬಳಿ ಹೋದೆ. “ಯಾಕೆ ಹೇಳ್ಲಿಲ್ಲ ನೀನು? ಕೂಟದಲ್ಲಿ ಒಂದು ಮಾತು ಹೇಳಿದ್ರೆ ನಿನ್ನ ಬಿಟ್ಟುಬಿಡ್ತಿದ್ರು.”

“ನಿನ್ನ ಪಾಪ ನಾನು ಒಪ್ಕೊಳ್ಳೋಕಾಗುತ್ತಾ?”

“ಮತ್ತೆ ನಾಲ್ಕು ವರ್ಷ ಇಲ್ಲಿ ಕೂತು ಅಷ್ಟು ಅತ್ತೆಯಲ್ಲ, ಭೋಜನ ಸಿಗಲಿಲ್ಲ ಅಂತ?”

ಅವಳು ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದಳು. “ನನಗೆ ಅಂತ ಅಂದ್ಕೊಂಡ್ಯಾ? ಸಾಹತ್‌ಗೂ ಅಲ್ಲ. ಅವನನ್ನ ಆವತ್ತೇ ತಲುಪಿಸಿ ಬಂದೆ. ಸತ್ತೋರಿಗೆ ಒಂದು ದಿನ ಅತ್ರೆ ಆಗುತ್ತೆ ಗುರೂ. ನಿನ್ನಂಥ ಬದುಕಿರೋರಿಗೆ ವರ್ಷಗಟ್ಟಲೆ ಬೇಕು. ನೀವಿಬ್ರೂ ಆ ರೊಟ್ಟೀನ ಹೆಂಗೆ ನುಂಗ್ತೀರಿ ಅಂತ ನೋಡೋಕಾಗ್ದೆ ಅಳ್ತಿದ್ದೆ.”

ನಾನು ಪುಸ್ತಕವನ್ನು ಕಿಟಕಿಯ ಬಳಿಯ ಮೇಜಿಗೆ ತಂದೆ. ಅವಳು ಹಿಂದೆಯೇ ಬಂದಳು. ಮನಾಹಾನ್ ದಂಪತಿ ಬಂದು ನಿಂತರು. ಮಗುವಿನ ಹೆಸರು ಬರೆದೆ, ಹುಟ್ಟಿದ ದಿನ ಬರೆದೆ, ಹೋದ ದಿನ ಬರೆದೆ. ಕೊನೆಯ ಅಂಕಣದ ಮೇಲೆ ‘ದೀಕ್ಷಾಸ್ನಾನ ಕೊಟ್ಟವರು’ ಎಂದಿತ್ತು. ಅಲ್ಲಿ ನನ್ನ ಹೆಸರು ಇರಬೇಕಿತ್ತು. ನಾನು ನಾಯ್ ಲಾಮ್ರಿಯಾ ಎಂದು ಬರೆದೆ. ಪಾದ್ರಿಗಳು ನೋಡಿದರು, ಬೇಡ ಎನ್ನಲಿಲ್ಲ. ಆ ಸಾಲಿನ ಅಕ್ಷರ ಮಾತ್ರ ಮುತ್ತಿನಂತಿಲ್ಲ. ಈಗಲೂ ಹೋದರೆ ನೋಡಬಹುದು.

“ಗಟ್ಟಿಯಾಗಿ ಓದು,” ಎಂದಳು ಅವಳು.

ಓದಿದೆ. “ಸಾಹತ್. ತಂದೆ ಮನಾಹಾನ್. ತಾಯಿ...” ತಲೆಯೆತ್ತಿದೆ. ಇಷ್ಟು ವರ್ಷ ದಾರಿಯಲ್ಲಿ ಉತ್ತರವಿಲ್ಲದೆ ಬಿದ್ದುಹೋಗುತ್ತಿದ್ದ ಆ ಹೆಸರನ್ನು ಗಟ್ಟಿಯಾಗಿ ಕರೆದೆ. “ನಾಯ್ ಸಾಹತ್.”

“ಓ,” ಎಂದಳು ತಿಯೋಲಿನಾ.

ಹಾಗೆ ಓಗೊಟ್ಟ ಬಾಯಿ ಮುಚ್ಚಲೇ ಇಲ್ಲ. ನಾಲ್ಕು ವರ್ಷದ್ದು ಒಟ್ಟಿಗೆ ಬಂತು. ಮೇಜಿನ ಅಂಚು ಹಿಡಿದು ಅಲ್ಲೇ ಕುಸಿದು, ಊರೇ ತಿರುಗಿ ನೋಡುವ ಹಾಗೆ ಅತ್ತಳು. ನಾನು ಗಾಬರಿಯಾಗಿ, “ಸಮಾಧಾನ ಮಾಡ್ಕೋಮ್ಮ,” ಎಂದು ಬಗ್ಗಿದೆ.

ನಾಯ್ ಲಾಮ್ರಿಯಾ ನನ್ನ ತೋಳು ಹಿಡಿದು ಹಿಂದಕ್ಕೆಳೆದಳು. “ಸುಮ್ನಿರು ಗುರೂ. ಅವಳು ಪ್ರಾರ್ಥನೆ ಮಾಡ್ತಿದ್ದಾಳೆ, ಮಧ್ಯ ಬಾಯಿ ಹಾಕ್ಬೇಡ. ನೀನು ಹೋಗಿ ಗಂಟೆ ಬಾರಿಸು.”

ಹೋದೆ. ಹಗ್ಗ ಎಳೆಯುವಾಗ ಕಣ್ಣು ಮಂಜಾಗಿ, ಎಷ್ಟು ಸಲ ಬಾರಿಸಿದೆ ಎಂಬುದು ತಿಳಿಯದೇ ಹೋಯಿತು.